ನೋಟಿಸು ನೆಂಟರು

ನನ್ನ ಸೋದರಮಾವನನ್ನು ಊರಿನ ಸರ್ಕಾರಿ ಕಚೇರಿಯ ಸುತ್ತಮುತ್ತ ಎಲ್ಲರೂ ಗೆರೆ ಮಾವ ಎಂದೇ ಕರೆಯುತ್ತಿದ್ದರು. ನಾನು ಮಾವ ಮಾವ ಅನ್ನುವುದನ್ನು ಕೇಳಿ ಕೇಳಿ ಟೀ ಅಂಗಡಿಯವನು, ಜವಾನ, ಕೊನೆಗೆ ಅವನಿಗಿಂತ ಹತ್ತು ವರ್ಷ ದೊಡ್ಡವರಾದ ವಕೀಲರೂ ಮಾವ ಎನ್ನತೊಡಗಿದ್ದರು. ಅವನ ಕೆಲಸವೇ ಗೆರೆ ಎಳೆಯುವುದು. ಯಾರಾದರೂ ಗಂಡ ಹೆಂಡತಿ ಮಕ್ಕಳು ಅಂತ ಯಾರೂ ಇಲ್ಲದೆ, ಉಯಿಲನ್ನೂ ಬರೆಯದೆ ತೀರಿಕೊಂಡರೆ ಅವರ ಮನೆಗೆ ಬೀಗ ಹಾಕಿ ಕಚೇರಿಯ ಫಲಕದ ಮೇಲೆ ಒಂದು ನೋಟಿಸು ಅಂಟಿಸುತ್ತಾರೆ. ಇಂಥವರು ತೀರಿಕೊಂಡಿದ್ದಾರೆ, ವಾರಸುದಾರರಿದ್ದರೆ ಎರಡು ವರ್ಷದೊಳಗೆ ಬನ್ನಿ, ಇಲ್ಲವಾದರೆ ಆಸ್ತಿ ಸರ್ಕಾರಕ್ಕೆ. ಅದನ್ನು ಓದಿಕೊಂಡು ಬಂದವರಿಗೆ ಸತ್ತವರು ಏನಾಗಬೇಕು ಎಂದು ಹುಡುಕಿ, ವಂಶವೃಕ್ಷ ಬರೆದು, ಅರ್ಜಿಯ ಜೊತೆ ಲಗತ್ತಿಸಿ ಕೊಡುವವನು ನಮ್ಮ ಮಾವ.

ಕಚೇರಿಯ ಮೆಟ್ಟಿಲ ಪಕ್ಕ, ತಗಡಿನ ಮಾಡಿನ ಕೆಳಗೆ ಅವನ ಮೇಜು. ಒಂದು ಉಕ್ಕಿನ ಸ್ಕೇಲು, ಮೂರು ಪೆನ್ಸಿಲು, ಕಪ್ಪು ಶಾಯಿಯ ಪೆನ್ನು, ಹಳೆ ಬಿಸ್ಕತ್ತಿನ ಡಬ್ಬದಲ್ಲಿ ರಬ್ಬರು. ಎದುರಿಗೆ ಅರ್ಜಿ ಟೈಪು ಮಾಡಲು ನಾನು. ಗಂಡನ ಮನೆ ಬಿಟ್ಟು ಬಂದ ವರ್ಷ ಅವನೇ ನನ್ನನ್ನು ಕರೆದು ಅಲ್ಲಿ ಕೂರಿಸಿದ್ದ. ಮನೆಯಲ್ಲಿ ಕೂತರೆ ಅಮ್ಮನಿಗೂ ನನಗೂ ಜಗಳವಾಗುತ್ತದೆ ಎಂಬ ಅವನ ಲೆಕ್ಕ ಸರಿಯಾಗಿಯೇ ಇತ್ತು.

ಹಾಳೆಯ ಕೆಳಗಿನ ಅಂಚಿನಲ್ಲಿ ಸತ್ತವರ ಹೆಸರು ಬರೆದು ಸುತ್ತ ಒಂದು ಚೌಕ ಹಾಕುವುದು ಅವನ ಮೊದಲ ಕೆಲಸ. ಅಲ್ಲಿಂದ ಗೆರೆ ಮೇಲಕ್ಕೆ ಹೋಗಬೇಕು, ಅಪ್ಪ ಅಮ್ಮನಿಗೆ, ಅಜ್ಜ ಅಜ್ಜಿಗೆ. ಆಮೇಲೆ ಪಕ್ಕಕ್ಕೆ ತಿರುಗಿ ಅಜ್ಜಿಯ ಅಕ್ಕತಂಗಿಯರಿಗೆ, ಅಲ್ಲಿಂದ ಮತ್ತೆ ಕೆಳಗಿಳಿದು ಬದುಕಿರುವ ಯಾರದಾದರೂ ತಲೆಯ ಮೇಲೆ ಬಂದು ನಿಲ್ಲಬೇಕು. ಈ ದಾರಿಯೊಂದನ್ನು ಬಿಟ್ಟರೆ ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಅವನ ಪಕ್ಕ ಊಟಕ್ಕೆ ಕೂರಲು ಜನ ಹೆದರುತ್ತಿದ್ದರು. ಒಮ್ಮೆ, ಮದುವೆ ಹುಡುಗಿ ಹುಡುಗನಿಗೆ ವರಸೆಯಲ್ಲಿ ಚಿಕ್ಕಮ್ಮನಾಗಬೇಕು ಎಂದು ಕೈ ತೊಳೆಯುವ ಮೊದಲೇ ಸಾಬೀತು ಮಾಡಿ, ಎಲ್ಲರೆದುರಿಗೆ ಅಮ್ಮನ ಕೈಲಿ ಬೈಸಿಕೊಂಡಿದ್ದ.

ಇಷ್ಟೆಲ್ಲ ಮಾಡಿದವನು ನಮ್ಮ ಮನೆಯ ವೃಕ್ಷವನ್ನು ಮಾತ್ರ ಬರೆದಿರಲಿಲ್ಲ. ನಮ್ಮಲ್ಲಿ ಯಾರೂ ಏನೂ ಬಿಟ್ಟು ಹೋದವರಲ್ಲ, ಹಾಗಾಗಿ ಯಾರಿಗೂ ಅದು ಬೇಕಾಗಿರಲಿಲ್ಲ.

ನೋಟಿಸು ನೋಡಿ ಬರುವವರಿಗೆ ನಾನಿಟ್ಟ ಹೆಸರು ನೋಟಿಸು ನೆಂಟರು. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸತ್ತವರ ಹೆಸರನ್ನು ಸರಿಯಾಗಿ ಹೇಳಲು ಬಾರದವರು, ಫೋಟೋ ತೋರಿಸಿದರೆ ಇದು ಯಾರು ಎಂದು ಕೇಳುವವರು, ಮನೆಗೆ ಎಷ್ಟು ಬಾಗಿಲು ಎಂದು ಮಾತ್ರ ತಪ್ಪದೆ ವಿಚಾರಿಸುವವರು. ಒಬ್ಬನಂತೂ ಅಜ್ಜನ ತಮ್ಮ ತೀರಿಹೋದ ಸುದ್ದಿಯನ್ನು ನಗುನಗುತ್ತ ಹೇಳಿ, ನಡುವೆ ನೆನಪಾಗಿ ಮುಖ ಸಣ್ಣದು ಮಾಡಿಕೊಂಡ.

“ಬದುಕಿದ್ದಾಗ ಒಂದು ಲೋಟ ನೀರು ಕೊಡದವರು ಇವರು,” ಎಂದೆ ಮಾವನಿಗೆ. “ಇವರಿಗೆಲ್ಲ ಯಾಕೆ ಬರ್ಕೊಡ್ತೀಯ?”

“ಅಂಥವರೊಬ್ಬರು ಇದಾರೆ ಅಂತಾನೇ ಇವರಿಗೆ ಗೊತ್ತಿರಲಿಲ್ಲ ಕಣೇ. ಗೊತ್ತಿಲ್ದೆ ಹೇಗೆ ನೀರು ಕೊಡ್ತಾರೆ?”

“ಸತ್ತ ಮೇಲೆ ಹೇಗೆ ಗೊತ್ತಾಯ್ತು ಹಾಗಾದ್ರೆ?”

“ಸತ್ತ ಮೇಲೆ ನಾನಿದೀನಲ್ಲ,” ಎಂದು ನಕ್ಕ. ಆಮೇಲೆ ಸ್ವಲ್ಪ ಗಂಭೀರವಾಗಿ, “ಬೀಗ ಹಾಕಿದ ಮನೆ ಗೆದ್ದಲು ಹಿಡಿಯೋದಕ್ಕಿಂತ ಯಾರಾದ್ರೂ ದೀಪ ಹಚ್ಕೊಂಡು ಇರಲಿ. ರಕ್ತ ಅನ್ನೋದು ಒಂದು ಗೆರೆ ಅಷ್ಟೆ. ಅವರು ಒಳ್ಳೆಯವರಾ ಕೆಟ್ಟವರಾ ಅಂತ ನನ್ನ ಹಾಳೇಲಿ ಜಾಗ ಇಲ್ಲ,” ಎಂದ. ಈಗಲೂ ಆ ಮಾತು ತಪ್ಪು ಎಂದು ಹೇಳಲಾರೆ.

ಆ ಹೆಂಗಸು ಬಂದದ್ದು ಒಂದು ಮಧ್ಯಾಹ್ನ. ಮಾವ ಊಟದ ಡಬ್ಬಿ ಬಿಚ್ಚಿಕೊಂಡಿದ್ದ. ಅವನು ಉಂಡು ಕೈ ತೊಳೆಯುವ ತನಕ ಅವಳು ಕಂಬದ ಪಕ್ಕ ನಿಂತೇ ಇದ್ದಳು. ಐವತ್ತೈದು ಅರವತ್ತು ಇರಬಹುದು. ಹಿಂದಿನ ಬೀದಿಯ ಟೈಲರ್ ಅಂಗಡಿಗಳಿಗೆ ಕಾಜಾ ಹಾಕುವ ಕೆಲಸ ಎಂದಳು. ಅಂಗಿಗೆ ಗುಂಡಿ ತೂರಿಸಲು ತೂತು ಮಾಡಿ ಸುತ್ತ ದಾರದಿಂದ ಹೊಲಿಯುವ ಕೆಲಸ ಅದು. ಕಣ್ಣು ಬೇಗ ಹೋಗುತ್ತದೆ. ಅವಳ ಬಲಗೈ ತೋರುಬೆರಳ ತುದಿ ಚರ್ಮ ಗಟ್ಟಿಯಾಗಿ ಹಳದಿಗಟ್ಟಿತ್ತು.

“ನನ್ನವರು ಅಂತ ಯಾರಾದ್ರೂ ಇದಾರಾ ಅಂತ ಸ್ವಲ್ಪ ನೋಡಿಕೊಡ್ತೀರಾ ಸ್ವಾಮಿ?” ಎಂದಳು.

ಮಾವ ಹಾಳೆ ಎಳೆದುಕೊಂಡ. “ತೀರಿಕೊಂಡವರು ಯಾರು?”

“ಯಾರೂ ಇಲ್ಲ. ನಾನೇ.”

“ಅಂದ್ರೆ?”

“ಅಂದ್ರೆ ನಾನು ಬದುಕಿದೀನಿ. ಅಮ್ಮ ಹೋಗಿ ಹನ್ನೆರಡು ವರ್ಷ ಆಯ್ತು. ಅವಳ ಕಡೆಯವರು ಯಾರೋ ಈ ಊರಲ್ಲೇ ಇದ್ರು ಅಂತಿದ್ಲು. ಆಸ್ತಿಗೀಸ್ತಿ ಏನೂ ಕೇಳಕ್ಕಲ್ಲ. ಎರಡು ಕೋಣೆ ಮನೆ ಇದೆ ನಂಗೆ. ಸುಮ್ನೆ, ಹೋಗಿ ಬರೋಕೆ ಒಂದು ಮನೆ ಅಂತ ಇರಲಿ ಅಂತ.”

ಮಾವ ಪೆನ್ಸಿಲನ್ನು ಹಾಳೆಯ ಕೆಳಗಿನ ಅಂಚಿನಲ್ಲಿ ಇಟ್ಟ, ಎತ್ತಿದ. ಅಲ್ಲಿ ಬರೆಯಲು ಸತ್ತವರ ಹೆಸರೇ ಇರಲಿಲ್ಲ. ಅವಳ ಹಿಂದೆ ಆಗಲೇ ಇಬ್ಬರು ಫೈಲು ಹಿಡಿದು ನಿಂತಿದ್ದರು.

“ನಮ್ಮಜ್ಜಿ ತವರಿನವರು ಹಗ್ಗ ಹೊಸೆಯೋ—” ಎಂದು ಅವಳು ಶುರು ಮಾಡಿದಳು.

ಮಾವ ತಡೆದ. “ಗೆರೆ ಎಲ್ಲಿಂದ ಶುರು ಮಾಡ್ಲಿ ಹೇಳಿ ತಾಯಿ? ನನ್ನದು ಸತ್ತವರ ಕಡೆಯಿಂದ ಬರೋ ಕೆಲಸ. ನೀವು ಗಟ್ಟಿಯಾಗಿದೀರಿ. ಅವಸರ ಯಾಕೆ? ನಿಮ್ಮ ಕಾಲ ಆದ ಮೇಲೆ ನಾನು ಹುಡುಕೋದೇ ಬೇಡ, ಅವರೇ ಸಾಲುಗಟ್ಟಿ ಬರ್ತಾರೆ.”

ಫೈಲು ಹಿಡಿದವರು ನಕ್ಕರು. ನಾನೂ ನಕ್ಕೆ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಎಲ್ಲರೂ ನಗುವಾಗ ಸುಮ್ಮನಿರುವುದು ಸರಿಯಲ್ಲ ಎಂಬಂತೆ ಅವಳೂ ಒಂದಿಷ್ಟು ನಕ್ಕಳು. “ಅದೂ ಸರಿ ಅನ್ನಿ,” ಎಂದು ಕೈಚೀಲ ಹೆಗಲಿಗೇರಿಸಿಕೊಂಡು ಹೊರಟಳು. ಮಾವ ಕೆಟ್ಟವನಲ್ಲ. ಬಿಡುವಿರಲಿಲ್ಲ, ಒಂದು ತಮಾಷೆ ಬಾಯಿಗೆ ಬಂತು, ಆಡಿದ. ಮುಂದಿನವರ ಫೈಲು ಬಿಚ್ಚುವಷ್ಟರಲ್ಲಿ ನಾವಿಬ್ಬರೂ ಅವಳನ್ನು ಮರೆತೆವು.

ನಾಲ್ಕು ವರ್ಷವಾಯಿತು. ಗಡಿಯಾರದ ಅಂಗಡಿಯವನೊಬ್ಬ ಒಂದು ನೋಟಿಸಿನ ಪ್ರತಿ ಹಿಡಿದುಕೊಂಡು ಬಂದ. ಕಾಜಾ ಕೆಲಸದ ಹೆಂಗಸು, ಮದುವೆಯಾಗಿಲ್ಲ, ತೀರಿಕೊಂಡು ಒಂದು ವರ್ಷ, ಎರಡು ಕೋಣೆಯ ಮನೆ. ತನ್ನ ತಾತನಿಗೂ ಅವಳಿಗೂ ಏನೋ ಸಂಬಂಧ ಇತ್ತಂತೆ, ನೋಡಿ ಎಂದ. ಫೈಲಿನಲ್ಲಿದ್ದ ಗುರುತಿನ ಚೀಟಿಯ ಫೋಟೋ ನೋಡಿದ ಕೂಡಲೇ ನನಗೆ ಆ ಕಂಬ, ಆ ಕೈಚೀಲ ನೆನಪಾಯಿತು. ಮಾವನಿಗೆ ತೋರಿಸಿದೆ. ಅವನು “ಹೂಂ” ಎಂದ, ಹಾಳೆಯ ಕೆಳಗೆ ಅವಳ ಹೆಸರು ಬರೆದು ಚೌಕ ಹಾಕಿದ.

ಬೆಳಿಗ್ಗೆ ಹನ್ನೊಂದಕ್ಕೆ ಶುರು ಮಾಡಿದ್ದು. ಅವಳಮ್ಮನ ಹೆಸರು ಫೈಲಿನಲ್ಲೇ ಇತ್ತು. ಅಜ್ಜಿಯ ಹೆಸರಿಗೆ ಹಳೆ ಜನನ ನೋಂದಣಿಯ ಪುಸ್ತಕ ತೆಗೆಸಿದೆವು. ಜವಾನ ಧೂಳು ಕೊಡವಿ ತಂದುಕೊಟ್ಟ. ಮಾವ ಓದಿ ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಹಗ್ಗ ಹೊಸೆಯುವವನ ಮನೆ, ಮೂವರು ಹೆಣ್ಣುಮಕ್ಕಳು. ಎರಡನೆಯವಳು ಇವಳ ಅಜ್ಜಿ. ಮೂರನೆಯದು ಎಳೆಯದರಲ್ಲೇ ಹೋದ ಮಗು. ಮೊದಲನೆಯವಳ ಹೆಸರು ಹೇಳಲು ಬಾಯಿ ತೆರೆದವನು ಹಾಗೆಯೇ ನಿಂತ.

“ಬರ್ಕೊಂಡೆ, ಮುಂದೆ ಹೇಳು,” ಎಂದೆ.

“ಬರೀಬೇಡ.”

ಅದು ಅವನ ಅಮ್ಮನ ಅಮ್ಮನ ಹೆಸರು. ನನ್ನ ಮುತ್ತಜ್ಜಿ. ಹಗ್ಗದ ನಾರು ಬಿಡಿಸಿ ಅಂಗೈ ಕೊರಕಲಾದ ಅಜ್ಜಿಯ ಕೈ ಹಿಡಿದುಕೊಂಡೇ ಅವನು ಶಾಲೆಗೆ ಹೋದದ್ದು. ಅಜ್ಜಿಗೊಬ್ಬಳು ತಂಗಿ ಇದ್ದಳು, ಯಾವುದೋ ಮಾತಿಗೆ ಮುನಿಸಿಕೊಂಡು ಹೋದವಳು ಮತ್ತೆ ಬರಲಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಆ ತಂಗಿಯ ಮಗಳ ಮಗಳು ಇವಳು. ಬೇರೆ ಜನ ಇದನ್ನು ದೂರದ ಸಂಬಂಧ ಎನ್ನುತ್ತಾರೇನೋ. ನಮ್ಮ ವರಸೆಯಲ್ಲಿ ಅಕ್ಕತಂಗಿಯರ ಹೆಣ್ಣುಮಕ್ಕಳು ಅಕ್ಕತಂಗಿಯರೇ, ಅವರ ಮಕ್ಕಳು ಅಣ್ಣತಂಗಿಯರೇ. ಅವಳು ಮಾವನಿಗೆ ತಂಗಿ. ಅಮ್ಮನಿಗೂ ತಂಗಿ. ನನಗೆ ಚಿಕ್ಕಮ್ಮ.

ಗೋಡೆಯ ಗಡಿಯಾರದಲ್ಲಿ ಮೂರೂವರೆ. ಮಾವ ಸ್ಕೇಲನ್ನು ಡಬ್ಬದೊಳಗಿಟ್ಟು ಮುಚ್ಚಳ ಹಾಕಿದ. ಸ್ಕೇಲು ಉದ್ದ, ಮುಚ್ಚಳ ಕೂರಲಿಲ್ಲ. ಮತ್ತೆ ಮತ್ತೆ ಒತ್ತುತ್ತಿದ್ದ.

ಮರುದಿನ ಗಡಿಯಾರದವನಿಗೆ ಇದ್ದದ್ದನ್ನು ಇದ್ದಂತೆ ಹೇಳಿದ. “ನಿಮಗಿಂತ ಹತ್ತಿರದವರು ಸಿಕ್ಕಿದಾರೆ.”

“ಯಾರಪ್ಪಾ ಅದು?”

“ನಾನು.”

ಅವನು ಮೊದಲು ತಮಾಷೆ ಎಂದುಕೊಂಡು ನಕ್ಕ. ಆಮೇಲೆ ಮುಖ ಕೆಂಪಗೆ ಮಾಡಿಕೊಂಡು, “ಒಳ್ಳೇ ದಂಧೆ ಸ್ವಾಮಿ ನಿಮ್ಮದು. ಊರವರಿಗೆಲ್ಲ ಹುಡುಕಿಕೊಡ್ತೀನಿ ಅಂತ ಕೂತು, ಒಳ್ಳೇದು ಬಂದಾಗ ನೀವೇ ನುಂಗೋದು,” ಎಂದು ಕೂಗಾಡಿದ. ಜಗಲಿಯ ತುಂಬ ಜನ ಸೇರಿದರು. ಮಾವ ಅವನು ಕೊಟ್ಟಿದ್ದ ಮುಂಗಡವನ್ನು ಹಿಂದಕ್ಕೆ ಕೊಟ್ಟ. ಊರವರನ್ನೆಲ್ಲ ನೋಟಿಸು ನೆಂಟರು ಎಂದು ಆಡಿಕೊಂಡವಳು ನಾನು. ಈಗ ಜನ ನಮ್ಮನ್ನೇ ಹಾಗೆ ನೋಡುತ್ತಿದ್ದರು.

ಇಲ್ಲಿ ನಮ್ಮ ಪರಿಸ್ಥಿತಿ ಹೇಳಬೇಕು. ನಾನೂ ಅಮ್ಮನೂ ಇದ್ದದ್ದು ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ. ಆ ಕಟ್ಟಡವನ್ನು ಕೆಡವುತ್ತೇವೆ, ಎರಡು ತಿಂಗಳಲ್ಲಿ ಖಾಲಿ ಮಾಡಿ ಎಂದು ಮಾಲೀಕರು ಹೇಳಿಯಾಗಿತ್ತು. ಅಮ್ಮನಿಗೆ ಮಂಡಿ ನೋವು. ಗಂಡ ಬಿಟ್ಟವಳಿಗೆ ಮನೆ ಕೊಡಲು ಹಿಂದೆಮುಂದೆ ನೋಡುವವರ ಬಾಗಿಲಲ್ಲಿ ನಿಂತು ನಿಂತು ನನಗೂ ಸಾಕಾಗಿತ್ತು. ಹಾಗಿರುವಾಗ ನೆಲಮಹಡಿಯಲ್ಲಿ ಎರಡು ಕೋಣೆಯ ಮನೆ, ಕಾನೂನು ಪ್ರಕಾರ ನಮ್ಮದೇ.

ಮಾವ ಬೇಡ ಎಂದ. “ಅರ್ಜಿ ಹಾಕಲ್ಲ. ಸರ್ಕಾರಕ್ಕೆ ಹೋಗಲಿ.”

“ಸರ್ಕಾರ ಅವಳಿಗೆ ಏನಾಗಬೇಕು? ವರಸೆ ಹೇಳು ನೋಡೋಣ,” ಎಂದೆ.

“ಅವಳು ಬಂದು ನಿಂತಿದ್ಲು ಕಣೇ. ನನ್ನ ಎದುರಿಗೇ. ಹಗ್ಗ ಅಂತ ಬಾಯಿ ಬಿಟ್ಲು. ಇನ್ನೊಂದು ಮಾತು ಆಡೋಕೆ ಬಿಟ್ಟಿದ್ರೆ—”

“ಬಿಡಲಿಲ್ಲ. ಆಗಿಹೋಯ್ತು. ನಾವು ಬೀದಿಗೆ ಬಿದ್ರೆ ಅವಳು ವಾಪಸ್ ಬರ್ತಾಳಾ? ಬೀಗ ಹಾಕಿದ ಮನೆಗಿಂತ ಯಾರಾದ್ರೂ ದೀಪ ಹಚ್ಕೊಂಡಿರಲಿ ಅಂತ ಹೇಳಿದ್ದು ನೀನೇ ಅಲ್ವಾ?”

ಅವನ ಮಾತನ್ನೇ ತೆಗೆದು ಅವನ ಮುಖಕ್ಕೆ ಎಸೆದೆ. ಅಮ್ಮ ಗೋಡೆ ಕಡೆ ತಿರುಗಿ ಕೂತಿದ್ದಳು, ಬೇಕು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಕೊನೆಗೆ ಮಾವ, “ಮಹಜರು ಆಗಲಿ, ಆಮೇಲೆ ನೋಡೋಣ,” ಎಂದ.

ಮಹಜರು ಎಂದರೆ ಕಚೇರಿಯ ಗುಮಾಸ್ತ ಬಂದು ಬೀಗ ತೆಗೆಸಿ, ಮನೆಯೊಳಗೆ ಏನೇನಿದೆ ಎಂದು ಬರೆದುಕೊಂಡು, ಅರ್ಜಿ ಹಾಕಲಿರುವವರು ಸತ್ತವರ ಕಡೆಯವರು ಹೌದು ಎಂದು ನೆರೆಯವರ ಕೈಲಿ ಸಹಿ ಹಾಕಿಸುವುದು. ಆ ಸಹಿ ಇಲ್ಲದಿದ್ದರೆ ಫೈಲು ವರ್ಷಗಟ್ಟಲೆ ಮಲಗುತ್ತದೆ. ಗುಮಾಸ್ತ ಬರೆದುಕೊಂಡ: ಒಂದು ಮಂಚ, ಮಡಚುವ ಮೇಜು, ಕಿಟಕಿ ಪಕ್ಕ ಎತ್ತರದ ಸ್ಟೂಲು, ಬಣ್ಣಬಣ್ಣದ ದಾರದ ಉಂಡೆಗಳಿರುವ ಪೆಟ್ಟಿಗೆ, ನಾಲ್ಕು ತಟ್ಟೆ, ನಾಲ್ಕು ಲೋಟ. ಮನೆ ಚೊಕ್ಕವಾಗಿತ್ತು. ಕಿಟಕಿಯಿಂದ ಒಳ್ಳೆಯ ಬೆಳಕು ಬರುತ್ತಿತ್ತು. ಅಮ್ಮನ ಮಂಚವನ್ನು ಎಲ್ಲಿ ಹಾಕುವುದು ಎಂದು ಆಗಲೇ ನನ್ನ ಕಣ್ಣು ಅಳೆಯುತ್ತಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ.

ಸಹಿ ಹಾಕಲು ಬಂದವಳು ಪಕ್ಕದ ಮನೆಯ ಬೇಕರಿ ಕೆಲಸದವಳು. ಮುಂಜಾನೆಯ ಪಾಳಿ ಮುಗಿಸಿ ಬಂದಿದ್ದಳು, ತೋಳಿನ ಮೇಲೆ ಹಿಟ್ಟು ಹಾಗೇ ಇತ್ತು. ಮಾವ ಗೆರೆ ಎಳೆಯುವವನು ಎಂದು ಗುಮಾಸ್ತ ಹೇಳಿದ್ದೇ ತಡ, ಅವಳ ಮುಖ ಅರಳಿತು.

“ಓ, ಅವರು ನೀವೇನಾ! ಈ ಮನೆ ಅಕ್ಕ ಹೇಳ್ತಾನೇ ಇದ್ರು. ಕಚೇರಿ ಹತ್ರ ಒಬ್ಬರು ಒಳ್ಳೆಯವರು ಸಿಕ್ಕಿದ್ರು, ನಮ್ಮವರನ್ನ ಹುಡುಕಿಕೊಡೋ ಕೆಲಸ ಒಪ್ಕೊಂಡಿದಾರೆ, ಸ್ವಲ್ಪ ತಡ ಆಗುತ್ತಂತೆ, ಕಾಗದ ಹಾಕ್ತಾರಂತೆ ಅಂತ. ಕೊನೆಗೂ ಹುಡುಕಿದ್ರಲ್ಲ ಸ್ವಾಮಿ. ಅವರು ಹೋದ ಮೇಲೂ ಕೆಲಸ ಬಿಡಲಿಲ್ಲ ನೋಡಿ.”

ಅಂದು ಹೀಗೆ ನಗೆಪಾಟಲಾಗಿ ಬಂದೆ ಎಂದು ನೆರೆಯವರಿಗೆ ಹೇಳಲು ಅವಳಿಗೆ ಮನಸ್ಸಾಗಿರಲಿಲ್ಲ. ನಮ್ಮ ಮಾನವನ್ನೂ ಅವಳೇ ಕಾಪಾಡಿದ್ದಳು. ಮಾವ, “ಇಲ್ಲಮ್ಮ, ಅದು ಹಾಗಲ್ಲ...” ಎಂದು ಬಾಯಿ ತೆರೆದ. ಗುಮಾಸ್ತ ಪೆನ್ನು ಹಿಡಿದು ತಲೆಯೆತ್ತಿದ.

ನಾನು ನಡುವೆ ಬಂದೆ. “ಹೌದಮ್ಮಾ, ನಾವೇ ಅವರ ಕಡೆಯವರು. ನನಗೆ ಚಿಕ್ಕಮ್ಮ ಆಗಬೇಕು,” ಎಂದೆ.

ಚಿಕ್ಕಮ್ಮ ಎಂಬ ಮಾತನ್ನು ನಾನು ಅವಳ ಬಗ್ಗೆ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಮನೆ ಕೈತಪ್ಪದಿರಲಿ ಎಂದು ಆಡಿದೆ. ಬೇಕರಿಯವಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು, ಸಹಿ ಹಾಕಿದಳು. ಮಾವ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಸಂಜೆ ನಾನು ಅರ್ಜಿ ಮುಂದಿಟ್ಟಾಗ ಸಹಿ ಮಾಡಿ, ತನ್ನ ಪಾಲನ್ನು ಅಮ್ಮನ ಹೆಸರಿಗೆ ಬಿಟ್ಟುಕೊಟ್ಟ.

ಆ ಮನೆಗೆ ಬಂದು ಈಗ ಆರು ವರ್ಷ. ಅಮ್ಮನ ಮಂಡಿಗೆ ಆರಾಮಾಯಿತು. ಬೇಕರಿಯವಳು ದಿನವೂ ಬಂದು ಅವಳ ಅಕ್ಕನ ಬಗ್ಗೆ ಹೇಳುತ್ತಿದ್ದಳು. ಸಿಟ್ಟು ಬಂದರೆ ದಾರವನ್ನು ಹಲ್ಲಲ್ಲಿ ಕಡಿಯುತ್ತಿದ್ದದ್ದು, ಯಾರದ್ದೋ ಮದುವೆ ಕೋಟಿಗೆ ತಪ್ಪು ಬಣ್ಣದ ದಾರ ಹಾಕಿ ಅದೇ ಈಗಿನ ಫ್ಯಾಷನ್ ಎಂದು ನಂಬಿಸಿದ್ದು, ಬೀದಿಯಲ್ಲಿ ಯಾರ ಅಂಗಿಯಾದರೂ ಕಾಜಾ ನೋಡಿ ಅದು ಯಾವ ಅಂಗಡಿಯದು ಎಂದು ಹೇಳುತ್ತಿದ್ದದ್ದು. ಕೇಳುತ್ತ ಕೇಳುತ್ತ ನನಗೆ ಆ ಚಿಕ್ಕಮ್ಮನ ಮೇಲೆ ನಿಜವಾಗಿಯೇ ಪ್ರೀತಿ ಹುಟ್ಟಿತು. ಜಗಳವಾಡಲು ಅಮ್ಮನಿಗಿಂತ ಒಳ್ಳೆಯ ಜೊತೆ ಆಗುತ್ತಿದ್ದಳು. ಇಷ್ಟು ಹತ್ತಿರ ಇದ್ದಳಲ್ಲ. ಯಾರಿಗೆ ಹೇಳಲಿ?

ಮಾವ ಕಚೇರಿಯ ಕೆಲಸ ಬಿಡಲಿಲ್ಲ. ಬದುಕಿರುವವರು ಕೇಳಿದರೂ ಗೆರೆ ಎಳೆದು ಕೊಡುತ್ತೇನೆ, ಏನೂ ಕೊಡಬೇಕಾಗಿಲ್ಲ ಎಂದು ಸಿಕ್ಕಿದವರಿಗೆಲ್ಲ ಹೇಳಿದ. ಆರು ವರ್ಷದಲ್ಲಿ ಇಬ್ಬರು ಬಂದರು. ನನಗೆ ಯಾರೂ ಇಲ್ಲ ಎಂದು ಬಂದು ಹೇಳುವುದು ಅಷ್ಟು ಸುಲಭವಲ್ಲ ಎಂದು ನಮಗೆ ಆಗ ತಿಳಿಯಿತು. ಭಾನುವಾರ ಭಾನುವಾರ ನಮ್ಮಲ್ಲಿಗೆ ಬರುತ್ತಿದ್ದ, ಆದರೆ ಒಳಗೆ ಊಟಕ್ಕೆ ಕೂತವನಲ್ಲ. ತಟ್ಟೆಯನ್ನು ಮೆಟ್ಟಿಲಿಗೇ ತರಿಸಿಕೊಳ್ಳುತ್ತಿದ್ದ. ಸೆಕೆ ಎನ್ನುತ್ತಿದ್ದ, ಚಳಿಗಾಲದಲ್ಲೂ.

ಹೋದ ಭಾನುವಾರ ಹಾಗೇ ಮೆಟ್ಟಿಲ ಮೇಲೆ ಕೂತಿದ್ದ. ಬೇಕರಿಯವಳು ಅವಳ ಮೆಟ್ಟಿಲ ಮೇಲೆ, ನಾನು ಬಾಗಿಲಲ್ಲಿ. ಮಾತು ಎಲ್ಲೆಲ್ಲೋ ಹೋಗಿ ಅಲ್ಲಿಗೇ ಬಂತು.

“ಅಷ್ಟು ವರ್ಷ ಹುಡುಕಿದ್ರಲ್ಲ, ಎಲ್ಲೆಲ್ಲಿ ಅಲೆದ್ರಿ ಸ್ವಾಮಿ?” ಎಂದು ಕೇಳಿದಳು.

ನಾನು ಎಂದಿನಂತೆ ಮಾತು ತಿರುಗಿಸಲು ಹೋದೆ. ಮಾವ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದ.

“ಹುಡುಕಲಿಲ್ಲಮ್ಮ. ಅವಳು ಬಂದಿದ್ದು ನಿಜ. ನೀನು ಸತ್ತ ಮೇಲೆ ಅವರೇ ಬರ್ತಾರೆ ಹೋಗು ಅಂತ ನಗಾಡಿ ಕಳಿಸಿದೆ. ಅವಳು ಹೋದ ಮೇಲೆ, ಬೇರೆಯವರಿಗೋಸ್ಕರ ಹುಡುಕಿದಾಗ ಸಿಕ್ಕಿದ್ದು.”

ಅವಳು ನಂಬಲಿಲ್ಲ. ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ.

“ಎಷ್ಟು ದಿನದ ಕೆಲಸ ಅದು?” ಎಂದಳು.

“ಅರ್ಧ ದಿನ.”

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಮಾವನ ಕಡೆ ನೋಡುತ್ತಲೇ ಇರಲಿಲ್ಲ. ಎದ್ದು ತನ್ನ ಬಾಗಿಲ ತನಕ ಹೋದಳು, ಅಲ್ಲೇ ನಿಂತಳು.

“ನಾನು ದಿನಾ ಕೆಲಸದಿಂದ ಬಂದವಳೇ ಅವರ ಕಿಟಕೀಲಿ ಬಗ್ಗಿ ಕೇಳ್ತಿದ್ದೆ,” ಎಂದಳು. “ಅಕ್ಕಾ, ಇವತ್ತು ಕಾಗದ ಬಂತಾ ಅಂತ. ನಾಳೆ ಬರಬಹುದು ಅಂತಿದ್ರು. ಖುಷಿ ಪಡ್ಲಿ ಅಂತಾನೇ ಕೇಳ್ತಿದ್ದೆ. ಬರೋದೇ ಇಲ್ಲ ಅಂತ ಗೊತ್ತಿದ್ದವರನ್ನ ಮೂರು ವರ್ಷ, ಒಂದು ದಿನ ತಪ್ಪದೆ ಕೇಳಿದೀನಲ್ಲ ನಾನು.”